ಮಂದಗತಿಯ ಬೆಳಕು ಮತ್ತು ಸಂದೇಶದ ಶುದ್ಧಿ

1999ನೆಯ ಇಸವಿಯ ಫೆಬ್ರುವರಿ ತಿಂಗಳಿನಲ್ಲಿ ವಿಜ್ಞಾನಪ್ರಪಂಚದಿಂದ ಒಂದು ವಿಸ್ಮಯಕರವಾದ ವಾರ್ತೆ ಹೊರಬಿದ್ದಿತು. ಡೆನ್ಮಾರ್ಕ್ ಮೂಲದ ಭೌತವಿಜ್ಞಾನಿ ಲೆನೆ ಹೌ ಮತ್ತು ಅವರ ಸಂಗಡಿಗರು ಅಮೆರಿಕದ ಕೇಂಬ್ರಿಜ್ ನಗರದ ಪ್ರಯೋಗಾಲಯವೊಂದರಲ್ಲಿ, ನಿರಪೇಕ್ಷ ಶೂನ್ಯಕ್ಕೆ ಅತ್ಯಂತ ಸಮೀಪದವರೆಗೆ ತಣಿಸಿದ ಸೋಡಿಯಂ ಪರಮಾಣುಗಳ ಮೋಡದೊಳಗೆ ಬೆಳಕಿನ ಸ್ಪಂದವೊಂದನ್ನು ಹಾಯಿಸಿ, ಅದರ ವೇಗವನ್ನು ಸೆಕೆಂಡಿಗೆ 17 ಮೀಟರಿಗೆ ಇಳಿಸಿದ್ದರು. ಅಂದರೆ ಗಂಟೆಗೆ ಸುಮಾರು 61 ಕಿಲೊಮೀಟರು. ಗಜೇಂದ್ರಗಡದಿಂದ ರೋಣಕ್ಕೆ ಬರುವ ಬಸ್ಸು ಒಳ್ಳೆಯ ರಸ್ತೆಯಲ್ಲಿ ಓಡುವಷ್ಟು ವೇಗ.

ಆ ದಿನಗಳಲ್ಲಿ ತರಗತಿಯಲ್ಲಿ ಈ ವಾರ್ತೆಯನ್ನು ಹೇಳಿದಾಗ ಗಜೇಂದ್ರಗಡದ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಬೆಳಕನ್ನು ಇಷ್ಟು ನಿಧಾನ ಮಾಡಿ ಏನು ಮಾಡುವುದು?" ಎಂದು ಕೇಳಿದನು. ಈ ಲೇಖಕನಿಗೆ ಆಗ ಸಮರ್ಪಕವಾದ ಉತ್ತರ ದೊರೆಯಲಿಲ್ಲ. 2005ರಲ್ಲಿ ಸಾಮಾನ್ಯ ದೂರಸಂಪರ್ಕದ ಗಾಜಿನ ತಂತುವಿನಲ್ಲಿಯೇ ಬೆಳಕನ್ನು ತಡೆದು ನಡೆಸಿದ ವಾರ್ತೆ ಬಂದಿತು. ಉತ್ತರ ಸಿಕ್ಕಿತೆಂಬ ಉತ್ಸಾಹದಲ್ಲಿ, "ಇನ್ನು ಹತ್ತು ವರ್ಷಗಳೊಳಗೆ ಸಂದೇಶಗಳನ್ನು ಬೆಳಕಿನ ರೂಪದಲ್ಲಿಯೇ ತಂತುವಿನೊಳಗೆ ತಡೆದಿಡಲಾಗುವುದು, ವಿದ್ಯುತ್ ಸ್ಮೃತಿಕೋಶಗಳ ಅವಶ್ಯಕತೆಯೇ ಇರದು" ಎಂದು ಶಾಲೆಯ ಗೋಡೆಪತ್ರಿಕೆಯಲ್ಲಿ ಬರೆದದ್ದೂ ಆಯಿತು. ಹತ್ತಲ್ಲ, ಇಪ್ಪತ್ತು ವರ್ಷಗಳು ಸಂದಿವೆ, ಹಾಗೆ ಆಗಲಿಲ್ಲ.

ಮೊನ್ನೆ ಮೊನ್ನೆ ದೂರಸಂಪರ್ಕ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಾಗ ಆ ಬರಹದ ನೆನಪು ತೆಗೆದು, ನಗುತ್ತಲೇ ಹೀಗೆಂದರು: "ಗುರುಗಳೇ, ಬೆಳಕು ಎಷ್ಟು ತಡವಾಗಿ ಬಂತೆಂದು ನೀವು ಬರೆದಿರಿ. ಯಾವ ಸ್ಥಿತಿಯಲ್ಲಿ ಬಂದು ಮುಟ್ಟಿತೆಂದು ಬರೆಯಲಿಲ್ಲ." ಆ ಒಂದು ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ. ಬೆಳಕನ್ನು ನಿಧಾನಗೊಳಿಸುವುದು ಸಾಧ್ಯ. ಅದು ಹೊತ್ತ ಸಂದೇಶವನ್ನು ಕೆಡಿಸದೆ ನಿಧಾನಗೊಳಿಸುವುದು ಕಷ್ಟ. ಈ ಕಷ್ಟದ ಕಾರಣವನ್ನು ವಿವರಿಸುವುದೂ, ಅಂದಿನ ತಪ್ಪು ಭರವಸೆಯನ್ನು ತಿದ್ದುವುದೂ ಪ್ರಸ್ತುತ ಲೇಖನದ ಉದ್ದೇಶ.

ಗಾಜಿನ ಎಳೆಯ ದಾರಿ

ಶೂನ್ಯಾವಕಾಶದಲ್ಲಿ ಬೆಳಕು ಸೆಕೆಂಡಿಗೆ 2,99,792 ಕಿಲೊಮೀಟರು ದೂರವನ್ನು ಕ್ರಮಿಸುತ್ತದೆಂಬುದನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಗಾಜಿನ ತಂತುವಿನೊಳಗೆ ಈ ವೇಗವು ಸುಮಾರು ಮೂರನೆಯ ಎರಡು ಪಾಲಿಗೆ, ಅಂದರೆ ಸೆಕೆಂಡಿಗೆ 2,04,000 ಕಿಲೊಮೀಟರಿಗೆ ಇಳಿಯುತ್ತದೆ. ರೋಣದಿಂದ ಬೆಂಗಳೂರಿಗೆ ನಾನೂರು ಚಿಲ್ಲರೆ ಕಿಲೊಮೀಟರು. ತಂತುವಿನ ಮೂಲಕ ಅಷ್ಟು ದೂರ ಹೋಗಲು ಬೆಳಕಿಗೆ ಬೇಕಾಗುವುದು ಸೆಕೆಂಡಿನ ಸಾವಿರದ ಎರಡು ಭಾಗ ಮಾತ್ರ.

ಕೂದಲೆಳೆಯಷ್ಟು ತೆಳುವಾದ ಗಾಜಿನಲ್ಲಿ ದೂರದೂರಿಗೆ ಮಾತನ್ನು ಕಳುಹಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಪ್ರತಿಪಾದಿಸಿದರು. ಅಂದಿನ ಗಾಜು ಬೆಳಕನ್ನು ನುಂಗಿಬಿಡುತ್ತಿತ್ತು. ಒಂದು ಕಿಲೊಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿದರೆ ಸಾಕು, ಕಾರ್ಯ ಸಾಧ್ಯವಾದೀತು ಎಂದು ಅವರು ಲೆಕ್ಕ ಹಾಕಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಆ ಗುರಿಯನ್ನು ದಾಟಿದರು. ಇಂದಿನ ಉತ್ತಮ ತಂತುವಿನಲ್ಲಿ ಒಂದು ಕಿಲೊಮೀಟರಿನ ಬಳಿಕ ನೂರಕ್ಕೆ ತೊಂಬತ್ತೈದು ಪಾಲು ಬೆಳಕು ಉಳಿದಿರುತ್ತದೆ. ಹದಿನೈದು ಕಿಲೊಮೀಟರು ಹೋದ ಮೇಲೆಯೂ ಅರ್ಧ ಉಳಿಯುತ್ತದೆ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳನ್ನು ಇಂತಹ ತಂತುವಿನಿಂದ ಜೋಡಿಸುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆ ನೀಡಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಆದುದರಿಂದ ಈ ವಿಷಯವು ನಮ್ಮ ಹಳ್ಳಿಗಳಿಗೆ ದೂರದ್ದೇನೂ ಅಲ್ಲ.

ತಂತುವಿನಲ್ಲಿ ಸಂದೇಶವು ಒಂದು ಮತ್ತು ಸೊನ್ನೆಗಳ ಸಾಲಾಗಿ ಹೋಗುತ್ತದೆ. ಸರಳವಾದ ಪದ್ಧತಿಯಲ್ಲಿ ಬೆಳಕಿನ ಸ್ಪಂದವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇಂತಹ ಒಂದೊಂದು ಅಂಕಿಗೂ ಬಿಟ್ ಎಂದು ಹೆಸರು. ಸೆಕೆಂಡಿಗೆ ಸಾವಿರ ಕೋಟಿ ಬಿಟ್‌ಗಳನ್ನು, ಅಂದರೆ ಹತ್ತು ಗಿಗಾಬಿಟ್ ಕಳುಹಿಸುವ ಮಾರ್ಗದಲ್ಲಿ ಒಂದು ಬಿಟ್‌ಗೆ ದೊರೆಯುವ ಕಾಲ 100 ಪಿಕೊಸೆಕೆಂಡು. ಒಂದು ಪಿಕೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ. ಅಷ್ಟು ಕಾಲದಲ್ಲಿ ಬೆಳಕು ಗಾಜಿನೊಳಗೆ ಚಲಿಸುವುದು ಎರಡು ಸೆಂಟಿಮೀಟರು. ಹೀಗೆ ಎರಡೆರಡು ಸೆಂಟಿಮೀಟರಿಗೊಂದು ಅಕ್ಷರವನ್ನಿಟ್ಟು ಬರೆದ ಅನಂತವಾದ ಸಾಲೊಂದು ತಂತುವಿನೊಳಗೆ ಓಡುತ್ತಿರುತ್ತದೆಂದು ವಾಚಕರು ಭಾವಿಸಬಹುದು.

ತಡೆಯುವ ಅವಶ್ಯಕತೆ

ವೇಗಕ್ಕಾಗಿಯೇ ಬೆಳಕನ್ನು ಆರಿಸಿಕೊಂಡ ಮೇಲೆ ಅದನ್ನು ತಡೆಯುವುದೇಕೆ ಎಂಬ ಪ್ರಶ್ನೆ ಸಹಜವಾದುದು. ಗದಗದಿಂದ ಹೊಳೆಆಲೂರಿನ ಮಾರ್ಗವಾಗಿ ಸೊಲ್ಲಾಪುರದ ಕಡೆಗೆ ಹೋಗುವ ರೈಲುಹಾದಿ ಏಕಮಾರ್ಗವಾಗಿದ್ದ ದಿನಗಳನ್ನು ನಮ್ಮ ಹಿರಿಯರು ಬಲ್ಲರು. ಎದುರಿನ ಗಾಡಿ ಬರುವತನಕ ಒಂದು ಗಾಡಿ ನಿಲ್ದಾಣದ ಬದಿಯ ಹಳಿಯ ಮೇಲೆ ಕಾಯುತ್ತಿತ್ತು. ಆ ಬದಿಯ ಹಳಿ ಇಲ್ಲದೆ ಹಾದಿ ನಡೆಯುವಂತಿರಲಿಲ್ಲ. ದೂರಸಂಪರ್ಕದ ಕೂಡುದಾರಿಗಳಲ್ಲಿಯೂ ಹೀಗೆಯೇ. ಎರಡು ಕಡೆಗಳಿಂದ ಬಂದ ಸಂದೇಶದ ಕಟ್ಟುಗಳು ಒಂದೇ ದಾರಿಯನ್ನು ಏಕಕಾಲಕ್ಕೆ ಬಯಸಿದಾಗ ಒಂದು ಕಾಯಲೇಬೇಕು.

ಬೆಳಕಿಗೆ ನಿಂತು ಕಾಯುವ ಬದಿಯ ಹಳಿ ಇಲ್ಲ. ಆದುದರಿಂದ ಕೂಡುದಾರಿಯಲ್ಲಿ ಬೆಳಕನ್ನು ವಿದ್ಯುತ್ತಿಗೆ ಪರಿವರ್ತಿಸಿ, ಸ್ಮೃತಿಕೋಶದಲ್ಲಿ ಇರಿಸಿ, ಸರದಿ ಬಂದಾಗ ಮತ್ತೆ ಬೆಳಕಾಗಿಸಿ ಕಳುಹಿಸಲಾಗುತ್ತದೆ. ಇದಕ್ಕೆ ಯಂತ್ರಗಳೂ ವಿದ್ಯುಚ್ಛಕ್ತಿಯೂ ವೆಚ್ಚವಾಗುತ್ತವೆ. ಇನ್ನೊಂದು ಉಪಾಯವೆಂದರೆ ಉದ್ದವಾದ ತಂತುವಿನ ಸುರುಳಿಯನ್ನಿಟ್ಟು ಬೆಳಕನ್ನು ಬಳಸಿ ಬರುವಂತೆ ಮಾಡುವುದು. ಸಾಮಾನ್ಯವಾದ ಒಂದು ಕಟ್ಟಿನಲ್ಲಿ 1,500 ಬೈಟ್, ಎಂದರೆ 12,000 ಬಿಟ್ ಇರುತ್ತವೆ. ಹತ್ತು ಗಿಗಾಬಿಟ್ ಮಾರ್ಗದಲ್ಲಿ ಅದಷ್ಟನ್ನೂ ಒಳಗಿರಿಸಿಕೊಳ್ಳಲು ಸುಮಾರು 245 ಮೀಟರು ಉದ್ದದ ಸುರುಳಿ ಸಾಕು. ಆದರೆ ಸುರುಳಿಯ ವಿಳಂಬ ನಿಶ್ಚಿತವಾದುದು. ಬೇಕೆಂದಾಗ ಹೆಚ್ಚಿಸಲು, ಬೇಡವಾದಾಗ ಇಳಿಸಲು ಬಾರದು. ವಿಜ್ಞಾನಿಗಳು ಬಯಸಿದ್ದು ಗುಂಡಿಯೊಂದನ್ನು ತಿರುಗಿಸಿದಂತೆ ಹೆಚ್ಚು ಕಡಿಮೆ ಮಾಡಬಲ್ಲ ವಿಳಂಬವನ್ನು. ಮಂದಗತಿಯ ಬೆಳಕು ಆ ಆಸೆಯನ್ನು ಹುಟ್ಟಿಸಿತು.

ಸ್ಪಂದವು ನಿಧಾನವಾಗುವ ಬಗೆ

ಬೆಳಕಿನ ಸ್ಪಂದವು ಒಂದೇ ಅಲೆಯಲ್ಲ. ಸ್ವಲ್ಪ ಸ್ವಲ್ಪವೇ ಭಿನ್ನವಾದ ಆವೃತ್ತಿಗಳುಳ್ಳ ಅನೇಕ ಅಲೆಗಳ ಸಮೂಹ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯನ್ನು ನೇಯುವ ಮಗ್ಗವನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಹಾಸಿನ ನೂರಾರು ಎಳೆಗಳು ಒಂದೇ ಬಿಗಿಯಲ್ಲಿ ಸರಿಸಮವಾಗಿ ನಿಂತಾಗ ಮಾತ್ರ ಅಂಚಿನ ಪಟ್ಟಿ ನೆಟ್ಟಗೆ ಮೂಡುತ್ತದೆ. ಹಾಗೆಯೇ ಸಮೂಹದ ಅಲೆಗಳೆಲ್ಲ ಪರಸ್ಪರ ಹೊಂದಿಕೊಂಡಿರುವ ತಾಣದಲ್ಲಿ ಸ್ಪಂದದ ಶಿಖರವು ಮೂಡುತ್ತದೆ. ಸ್ಪಂದವು ಕಿರಿದಾದಷ್ಟೂ ಅದರಲ್ಲಿ ಸೇರಿರಬೇಕಾದ ಆವೃತ್ತಿಗಳ ಹರವು ಹಿರಿದಾಗುತ್ತದೆ. ಹತ್ತು ಗಿಗಾಬಿಟ್ ಸಂದೇಶಕ್ಕೆ ಸುಮಾರು ಹತ್ತು ಗಿಗಾಹರ್ಟ್ಸ್‌ನಷ್ಟು ಹರವು ಬೇಕು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಗಾಜಿನ ವಕ್ರೀಭವನಾಂಕವು ಆವೃತ್ತಿಯೊಡನೆ ಬದಲಾಗುತ್ತದೆ. ಈ ಬದಲಾವಣೆ ಬಹು ತೀವ್ರವಾಗಿರುವ ಕಡೆ, ಅಲೆಗಳು ಒಂದಕ್ಕೊಂದು ಹೊಂದಿಕೊಳ್ಳುವ ತಾಣವು ಹಿಂದೆ ಹಿಂದೆ ಸರಿಯುತ್ತ ಬರುತ್ತದೆ. ಶಿಖರದ ನಡೆ ನಿಧಾನವಾಗುತ್ತದೆ. ಇದಕ್ಕೆ ಸಮೂಹವೇಗವು ಕುಗ್ಗುವುದು ಎನ್ನುತ್ತಾರೆ. ಅಂತಹ ತೀವ್ರ ಬದಲಾವಣೆಯನ್ನು ಪಡೆಯುವುದೆಲ್ಲಿ? ವಸ್ತುವು ಯಾವುದಾದರೊಂದು ಕಿರಿದಾದ ಆವೃತ್ತಿಪಟ್ಟಿಯಲ್ಲಿ ಬೆಳಕನ್ನು ವಿಶೇಷವಾಗಿ ಹೀರಿದರೆ ಅಥವಾ ವರ್ಧಿಸಿದರೆ, ಆ ಪಟ್ಟಿಯ ಆಸುಪಾಸಿನಲ್ಲಿ ವಕ್ರೀಭವನಾಂಕವು ತಪ್ಪದೆ ತೀವ್ರವಾಗಿ ಬದಲಾಗುತ್ತದೆ. ಇವೆರಡನ್ನು ಬೇರ್ಪಡಿಸಲಾಗದೆಂಬುದನ್ನು 1920ರ ದಶಕದಲ್ಲಿ ಕ್ರೇಮರ್ಸ್ ಮತ್ತು ಕ್ರೋನಿಗ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಪಟ್ಟಿ ಕಿರಿದಾದಷ್ಟೂ ವಿಳಂಬ ಹೆಚ್ಚು. ಆದರೆ ಪಟ್ಟಿ ಕಿರಿದಾದಷ್ಟೂ ಅದರೊಳಗೆ ಹಿಡಿಸುವ ಎಳೆಗಳೂ ಕಡಿಮೆ. ನಮ್ಮ ಕಷ್ಟದ ಬೇರು ಇಲ್ಲಿಯೇ ಇದೆ.

ಬೆಂಗಳೂರಿನ ಒಂದು ಎಳೆ

ತಂತುವಿನಲ್ಲಿ ಇಂತಹ ಕಿರಿದಾದ ಪಟ್ಟಿಯನ್ನು ಉಂಟುಮಾಡಲು ಬಳಸಿದ್ದು ಬೆಳಕು ಮತ್ತು ಧ್ವನಿಗಳ ಪರಸ್ಪರ ಸಂಬಂಧವನ್ನು. ಈ ಸಂಬಂಧದ ಅಧ್ಯಯನದಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವುಂಟು. ವಸ್ತುವಿನೊಳಗಿನ ಧ್ವನಿತರಂಗಗಳು ಬೆಳಕನ್ನು ಚದರಿಸಿ ಅದರ ಆವೃತ್ತಿಯನ್ನು ಅತ್ಯಲ್ಪವಾಗಿ ಬದಲಿಸುತ್ತವೆಂದು ಫ್ರಾನ್ಸಿನ ಲಿಯೋನ್ ಬ್ರಿಲ್ವಾಂ 1922ರಲ್ಲಿ ಸೂಚಿಸಿದ್ದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ. ವಿ. ರಾಮನ್ ಅವರು ಎನ್. ಎಸ್. ನಾಗೇಂದ್ರನಾಥರೊಡಗೂಡಿ 1935 ಮತ್ತು 1936ರಲ್ಲಿ, ದ್ರವದೊಳಗಿನ ಶ್ರವಣಾತೀತ ಧ್ವನಿತರಂಗಗಳು ಗೆರೆ ಕೊರೆದ ಜಾಲರಿಯಂತೆ ವರ್ತಿಸಿ ಬೆಳಕನ್ನು ಹಂಚುವ ಬಗೆಯನ್ನು ಗಣಿತದಿಂದ ವಿವರಿಸಿದರು. ಇಂದಿಗೂ ಜಗತ್ತಿನ ಪಠ್ಯಗ್ರಂಥಗಳಲ್ಲಿ ಅದು ರಾಮನ್–ನಾಥ್ ಸಿದ್ಧಾಂತವೆಂದೇ ಪ್ರಸಿದ್ಧವಾಗಿದೆ. 1937ರಲ್ಲಿ ರಾಮನ್ ಮತ್ತು ಬಿ. ವಿ. ರಾಘವೇಂದ್ರ ರಾವ್ ಅವರು ದ್ರವಗಳಿಂದ ಚದರಿದ ಬೆಳಕಿನಲ್ಲಿ ಧ್ವನಿಯ ಈ ಗುರುತನ್ನು ಕುರಿತ ತಮ್ಮ ಪರಿಶೀಲನೆಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಲೇಸರ್ ಬಂದ ಮೇಲೆ, 1964ರಲ್ಲಿ, ಪ್ರಬಲವಾದ ಬೆಳಕು ತಾನೇ ಧ್ವನಿಯನ್ನು ಹುಟ್ಟಿಸಿ ಅದರಿಂದಲೇ ಚದರುವ ಪ್ರಚೋದಿತ ಬ್ರಿಲ್ವಾಂ ಚದರಿಕೆಯು ಹರಳುಗಳಲ್ಲಿ ಕಂಡುಬಂದಿತು. 1972ರಲ್ಲಿ ಅದನ್ನು ಗಾಜಿನ ತಂತುವಿನಲ್ಲಿಯೂ ಕಾಣಲಾಯಿತು. ಅದರ ಕಾರ್ಯವಿಧಾನ ಹೀಗಿದೆ. ತಂತುವಿನ ಒಂದು ತುದಿಯಿಂದ ಪ್ರಬಲವಾದ ಚಾಲಕ ಬೆಳಕನ್ನೂ, ಇನ್ನೊಂದು ತುದಿಯಿಂದ ಸಂದೇಶ ಹೊತ್ತ ದುರ್ಬಲ ಬೆಳಕನ್ನೂ ಬಿಡಲಾಗುತ್ತದೆ. ಸಂದೇಶದ ಬೆಳಕಿನ ಆವೃತ್ತಿಯು ಚಾಲಕದ ಆವೃತ್ತಿಗಿಂತ ಸುಮಾರು 11 ಗಿಗಾಹರ್ಟ್ಸ್ ಕಡಿಮೆಯಿರಬೇಕು. ಆಗ ಎರಡೂ ಬೆಳಕುಗಳು ಸೇರಿ ಗಾಜಿನಲ್ಲಿ ಅದೇ 11 ಗಿಗಾಹರ್ಟ್ಸ್ ಆವೃತ್ತಿಯ ಧ್ವನಿಯನ್ನು ಎಬ್ಬಿಸುತ್ತವೆ. ನಮ್ಮ ಕಿವಿಗೆ ನಿಲುಕದ ಆ ಧ್ವನಿಯು ಚಾಲಕ ಬೆಳಕನ್ನು ಹಿಂದಕ್ಕೆ ತಿರುಗಿಸಿ ಸಂದೇಶಕ್ಕೆ ಕೂಡಿಸುತ್ತದೆ. ಸಂದೇಶದ ಬೆಳಕು ವರ್ಧಿಸುತ್ತದೆ. ಧ್ವನಿಯು ಗಾಜಿನಲ್ಲಿ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಅಡಗಿಹೋಗುವುದರಿಂದ ಈ ವರ್ಧನೆಯ ಪಟ್ಟಿಯ ಅಗಲ ಸುಮಾರು 30 ಮೆಗಾಹರ್ಟ್ಸ್ ಮಾತ್ರ. ಪಟ್ಟಿ ಅಷ್ಟು ಕಿರಿದು; ಆದುದರಿಂದಲೇ ಅದರೊಳಗೆ ಬೆಳಕು ನಿಧಾನವಾಗುತ್ತದೆ.

2005ರಲ್ಲಿ ಅಮೆರಿಕದ ಕಾರ್ನೆಲ್, ಡ್ಯೂಕ್ ಮತ್ತು ರೋಚೆಸ್ಟರ್ ವಿಶ್ವವಿದ್ಯಾಲಯಗಳ ತಂಡವೂ, ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಂಡವೂ ಇದನ್ನು ಬೇರೆ ಬೇರೆಯಾಗಿ ಸಾಧಿಸಿ ತೋರಿಸಿದವು. ಅತಿಶೀತಲ ಮೋಡ ಬೇಕಿಲ್ಲ. ಸಾಮಾನ್ಯ ಕೋಣೆಯ ಉಷ್ಣತೆ, ಸಾಮಾನ್ಯ ತಂತು ಸಾಕು. ಚಾಲಕ ಬೆಳಕಿನ ಶಕ್ತಿಯನ್ನು ಏರಿಳಿಸುವುದರಿಂದಲೇ ವಿಳಂಬವನ್ನು ಏರಿಳಿಸಬಹುದು. ಅಮೆರಿಕದ ತಂಡವು 25 ನ್ಯಾನೊಸೆಕೆಂಡುಗಳವರೆಗಿನ ವಿಳಂಬವನ್ನು ಪಡೆಯಿತು. ಈ ಲೇಖಕನ ಗೋಡೆಪತ್ರಿಕೆಯ ಉತ್ಸಾಹಕ್ಕೆ ಕಾರಣವಾದದ್ದು ಇದೇ ವಾರ್ತೆ.

ನಿಧಾನಕ್ಕೆ ತೆರುವ ಬೆಲೆ

ಇನ್ನು ವಾರ್ತೆಯಲ್ಲಿ ಬಾರದ ಸಂಗತಿಗೆ ಬರೋಣ. ನರಗುಂದದ ಕಡೆಯ ರೈತಬಾಂಧವರು ಮಲಪ್ರಭೆಯ ಕಾಲುವೆಯ ನಡವಳಿಕೆಯನ್ನು ಚೆನ್ನಾಗಿ ಬಲ್ಲರು. ಮೇಲ್ಗಡೆ ಬಾಗಿಲನ್ನು ಒಂದು ತಾಸು ತೆರೆದು ಮುಚ್ಚಿದರೆ, ಅಲ್ಲಿ ನೀರು ಒಮ್ಮೆಲೆ ಏರಿ ಒಮ್ಮೆಲೆ ಇಳಿಯುತ್ತದೆ. ಅದೇ ನೀರು ಕೊನೆಯಂಚಿನ ಜಮೀನಿಗೆ ಬರುವಷ್ಟರಲ್ಲಿ ಸಣ್ಣಗೆ ಏರಿ, ಬಹಳ ಹೊತ್ತು ಹರಿದು, ಮೆಲ್ಲಗೆ ಇಳಿಯುತ್ತದೆ. ಏರಿನ ಎತ್ತರ ಕುಗ್ಗಿ ಅಗಲ ಹಿಗ್ಗಿರುತ್ತದೆ. ಎರಡು ಸಲ ಬಾಗಿಲು ತೆರೆಯುವುದರ ನಡುವೆ ಸಾಕಷ್ಟು ಬಿಡುವಿಲ್ಲದಿದ್ದರೆ, ಕೊನೆಯಂಚಿನವನಿಗೆ ನೀರು ಎರಡು ಸಲ ಬಿಟ್ಟರೋ ಒಂದೇ ಸಲವೋ ತಿಳಿಯದು.

ಮಂದಗತಿಯ ತಂತುವಿನಲ್ಲಿ ಸ್ಪಂದಗಳಿಗೆ ಒದಗುವ ಗತಿ ಇದನ್ನು ಹೋಲುತ್ತದೆ. 30 ಮೆಗಾಹರ್ಟ್ಸ್ ಅಗಲದ ಪಟ್ಟಿಯ ಮೂಲಕ ಹತ್ತು ಗಿಗಾಹರ್ಟ್ಸ್ ಹರವಿನ ಸಂದೇಶ ಹಾಯಬೇಕೆಂದರೆ ಮುನ್ನೂರು ಎಳೆಗಳ ಹಾಸಿನಲ್ಲಿ ಒಂದೆಳೆಗೆ ಮಾತ್ರ ದಾರಿ ಸಿಕ್ಕಂತೆ. ಆದುದರಿಂದ 2005ರ ಪ್ರಯೋಗದಲ್ಲಿ ಬಳಸಿದ ಅತಿ ಕಿರಿದಾದ ಸ್ಪಂದವೂ 15 ನ್ಯಾನೊಸೆಕೆಂಡು ಅಗಲದ್ದಾಗಿತ್ತು. ಹತ್ತು ಗಿಗಾಬಿಟ್ ಮಾರ್ಗದ ಒಂದು ಬಿಟ್‌ನ ಕಾಲಕ್ಕಿಂತ ಇದು 150 ಮಡಿ ದೊಡ್ಡದು.

ಪಟ್ಟಿಯನ್ನು ಅಗಲಿಸಬಾರದೇಕೆ? ಅಗಲಿಸಬಹುದು. ಚಾಲಕ ಲೇಸರಿಗೆ ಕೊಡುವ ವಿದ್ಯುತ್ತನ್ನು ಕ್ರಮವಿಲ್ಲದೆ ಕಂಪಿಸುವಂತೆ ಮಾಡಿದರೆ ಚಾಲಕ ಬೆಳಕಿನ ಆವೃತ್ತಿಯೇ ಹರಡುತ್ತದೆ. ಅದರೊಡನೆ ವರ್ಧನೆಯ ಪಟ್ಟಿಯೂ ಹರಡುತ್ತದೆ. ಹೀಗೆ 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪಟ್ಟಿಯನ್ನು 30 ಮೆಗಾಹರ್ಟ್ಸ್‌ನಿಂದ 12 ಗಿಗಾಹರ್ಟ್ಸ್‌ಗೆ, ಅಂದರೆ 400 ಮಡಿ ಅಗಲಿಸಲಾಯಿತು. 75 ಪಿಕೊಸೆಕೆಂಡು ಅಗಲದ ಸ್ಪಂದಗಳು ಅದರಲ್ಲಿ ಹಾದವು. ಆದರೆ ದೊರೆತ ವಿಳಂಬವೆಷ್ಟು? ಹೆಚ್ಚೆಂದರೆ 47 ಪಿಕೊಸೆಕೆಂಡು. ಹಿಂದಿನ 25 ನ್ಯಾನೊಸೆಕೆಂಡಿಗೆ ಹೋಲಿಸಿದರೆ ಇದು ಐನೂರರಲ್ಲಿ ಒಂದು ಪಾಲು. ಅಗಲ ನಾನೂರು ಮಡಿ ಏರಿತು. ವಿಳಂಬ ಹತ್ತಿರ ಹತ್ತಿರ ಅಷ್ಟೇ ಇಳಿಯಿತು. ವಿಳಂಬ ಮತ್ತು ಅಗಲಗಳ ಗುಣಲಬ್ಧ ಹೆಚ್ಚು ಕಡಿಮೆ ಒಂದೇ ಆಗಿ ಉಳಿಯುತ್ತದೆ. ಎಂದರೆ ಎಷ್ಟೇ ಜಾಣತನ ತೋರಿದರೂ ಸ್ಪಂದವನ್ನು ಅದರ ಸ್ವಂತ ಅಗಲದ ಒಂದೆರಡು ಪಟ್ಟಿಗಿಂತ ಬಹಳ ಹೆಚ್ಚಾಗಿ ತಡೆಯಲು ಈ ವಿಧಾನದಿಂದ ಆಗುವುದಿಲ್ಲ. ನಮಗೆ ಬೇಕಾಗಿದ್ದುದು 12,000 ಬಿಟ್‌ಗಳ ಒಂದು ಕಟ್ಟನ್ನು ತಡೆಯುವ ಸಾಧನ. ದೊರೆತದ್ದು ಒಂದು ಬಿಟ್‌ನಷ್ಟೂ ಇಲ್ಲದ ವಿಳಂಬ.

ಇದರ ಜೊತೆಗೆ ಸಂದೇಶದ ಶುದ್ಧಿಯನ್ನು ಕೆಡಿಸುವ ಬೇರೆ ದೋಷಗಳೂ ಉಂಟು. ಮೊದಲನೆಯದಾಗಿ, ವಿಳಂಬ ಮತ್ತು ವರ್ಧನೆಗಳು ಒಂದೇ ಕೀಲಿಗೆ ಕಟ್ಟಲ್ಪಟ್ಟಿವೆ. ಕಿರಿದಾದ ಪಟ್ಟಿಯಲ್ಲಿ ಒಂದು ಡೆಸಿಬೆಲ್ ವರ್ಧನೆಗೆ ಸುಮಾರು ಒಂದು ನ್ಯಾನೊಸೆಕೆಂಡು ವಿಳಂಬ ಸಿಗುತ್ತದೆ. 25 ನ್ಯಾನೊಸೆಕೆಂಡು ಬೇಕೆಂದರೆ ಬೆಳಕು ಸುಮಾರು ಮುನ್ನೂರು ಮಡಿ ಪ್ರಬಲವಾಗಿಯೇ ತೀರುತ್ತದೆ. ವಿಳಂಬವನ್ನು ತಿದ್ದಿದಾಗಲೆಲ್ಲ ಬೆಳಕಿನ ಪ್ರಮಾಣವೂ ಏರುಪೇರಾದರೆ ಗ್ರಾಹಕ ಯಂತ್ರಕ್ಕೆ ಒಂದು ಮತ್ತು ಸೊನ್ನೆಗಳ ಗಡಿಯನ್ನು ಗುರುತಿಸುವುದು ಕಷ್ಟ.

ಎರಡನೆಯದಾಗಿ, ವಿಳಂಬವು ಬರೆದ ಅಕ್ಷರಗಳನ್ನೇ ಅವಲಂಬಿಸುತ್ತದೆ. ಒಂದರ ಹಿಂದೊಂದು ಒಂದುಗಳೇ ಬಂದರೆ ಆ ಸಾಲಿನ ಆವೃತ್ತಿಗಳು ಪಟ್ಟಿಯ ನಡುವೆಯೇ ಇರುತ್ತವೆ. ಅವು ಹೆಚ್ಚು ವರ್ಧಿಸುತ್ತವೆ, ಹೆಚ್ಚು ತಡವಾಗುತ್ತವೆ. ಸೊನ್ನೆಗಳ ನಡುವೆ ಒಂಟಿಯಾಗಿ ನಿಂತ ಒಂದು, ತನ್ನ ಆವೃತ್ತಿಗಳು ಪಟ್ಟಿಯ ಅಂಚಿಗೂ ಹರಡಿರುವುದರಿಂದ, ಕಡಿಮೆ ವರ್ಧಿಸಿ ಬೇಗ ಬರುತ್ತದೆ. ಹಾಸಿನ ಕೆಲವು ಎಳೆಗಳನ್ನು ಹೆಚ್ಚು ಎಳೆದಾಗ ಅಂಚಿನ ಪಟ್ಟಿ ಓರೆಯಾಗುವಂತೆ, ಇಲ್ಲಿ ಸಾಲಿನ ಅಂತರಗಳೇ ಅಸ್ತವ್ಯಸ್ತವಾಗುತ್ತವೆ.

ಮೂರನೆಯದು ಗಾಜಿನ ಸ್ವಂತ ಗದ್ದಲ. ಉಷ್ಣತೆಯ ಕಾರಣ ಗಾಜಿನಲ್ಲಿ ಸದಾ ಸೂಕ್ಷ್ಮವಾದ ಕಂಪನಗಳಿರುತ್ತವೆ. ಅವು ಚಾಲಕ ಬೆಳಕನ್ನು ಚದರಿಸಿ, ಸಂದೇಶದ ಆವೃತ್ತಿಯಲ್ಲಿಯೇ ಅರ್ಥವಿಲ್ಲದ ಬೆಳಕನ್ನು ಬೆರೆಸುತ್ತವೆ. ವರ್ಧನೆಯ ಕ್ರಿಯೆ ಅದನ್ನೂ ಹಿಗ್ಗಿಸುತ್ತದೆ. ಆವೃತ್ತಿ ಒಂದೇ ಆದುದರಿಂದ ಸೋಸಿ ತೆಗೆಯಲು ಬಾರದು. ಸಣ್ಣ ಸಣ್ಣ ವಿಳಂಬಗಳನ್ನು ಸರಪಳಿಯಂತೆ ಜೋಡಿಸೋಣವೆಂದರೆ, ಒಂದೊಂದು ಕೊಂಡಿಯಲ್ಲಿಯೂ ಗದ್ದಲ ಕೂಡುತ್ತ, ಪಟ್ಟಿ ಮತ್ತಷ್ಟು ಕಿರಿದಾಗುತ್ತ ಹೋಗುತ್ತದೆ.

ನಾಲ್ಕನೆಯದು ಹವಾಮಾನ. ತಂತುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬ್ರಿಲ್ವಾಂ ಆವೃತ್ತಿಯು ಸುಮಾರು ಒಂದು ಮೆಗಾಹರ್ಟ್ಸ್ ಸರಿಯುತ್ತದೆ. 25 ಡಿಗ್ರಿಯಲ್ಲಿ ಹೊಂದಿಸಿಟ್ಟ ಯಂತ್ರವನ್ನು ರೋಣದ ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿಯ ಕೋಣೆಯಲ್ಲಿಟ್ಟರೆ 15 ಮೆಗಾಹರ್ಟ್ಸ್ ಸರಿಯುತ್ತದೆ. 30 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಅರ್ಧದಷ್ಟಾಯಿತು. ಸಂದೇಶವು ಪಟ್ಟಿಯ ನಡುವಿನಿಂದ ಅಂಚಿಗೆ ಬಂದು ನಿಂತಿತು.

ಕಣ್ಣು ತೆರೆದಿದೆಯೇ?

ಸಂದೇಶದ ಶುದ್ಧಿಯನ್ನು ಅಳೆಯಲು ತಂತ್ರಜ್ಞರಲ್ಲಿ ಬಹು ಸರಳವಾದ ಒಂದು ಪದ್ಧತಿಯುಂಟು. ಬರುವ ಬಿಟ್‌ಗಳ ಚಿತ್ರಗಳನ್ನೆಲ್ಲ ಆಸಿಲೋಸ್ಕೋಪಿನ ತೆರೆಯ ಮೇಲೆ ಒಂದರ ಮೇಲೊಂದು ಬೀಳುವಂತೆ ಮಾಡುತ್ತಾರೆ. ಸೊನ್ನೆಗಳು ಕೆಳಗೆರೆಯಾಗಿ, ಒಂದುಗಳು ಮೇಲ್ಗೆರೆಯಾಗಿ, ಏರಿಳಿತಗಳು ಎರಡೂ ಬದಿಯ ಓರೆಗೆರೆಗಳಾಗಿ, ನಡುವೆ ತೆರೆದ ಕಣ್ಣಿನ ಆಕಾರ ಮೂಡುತ್ತದೆ. ಸಂದೇಶ ಶುದ್ಧವಾಗಿದ್ದರೆ ಕಣ್ಣು ಅಗಲವಾಗಿ ತೆರೆದಿರುತ್ತದೆ. ಗದ್ದಲ ಹೆಚ್ಚಿದರೆ ರೆಪ್ಪೆಗಳು ಮೇಲಿನಿಂದಲೂ ಕೆಳಗಿನಿಂದಲೂ ಕೂಡಿಬರುತ್ತವೆ. ಬಿಟ್‌ಗಳ ಕಾಲ ತಪ್ಪಿದರೆ ಬದಿಗಳಿಂದ ಮುಚ್ಚಿಬರುತ್ತದೆ. ಕಣ್ಣು ಪೂರ್ಣವಾಗಿ ಮುಚ್ಚಿದರೆ ಗ್ರಾಹಕ ಯಂತ್ರವು ಕುರುಡಾದಂತೆಯೇ.

ಇದನ್ನು ಸಂಖ್ಯೆಯಲ್ಲಿ ಹೇಳಲು ಕ್ಯೂ ಅಂಶವೆಂಬ ಅಳತೆಯನ್ನು ಬಳಸುತ್ತಾರೆ. ಒಂದು ಮತ್ತು ಸೊನ್ನೆಗಳ ಸರಾಸರಿ ಮಟ್ಟಗಳ ನಡುವಣ ಅಂತರವನ್ನು ಆ ಎರಡೂ ಮಟ್ಟಗಳ ಕಂಪನದ ಪ್ರಮಾಣಗಳ ಮೊತ್ತದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಅದು 6 ಆಗಿದ್ದರೆ ನೂರು ಕೋಟಿ ಬಿಟ್‌ಗಳಲ್ಲಿ ಒಂದು ತಪ್ಪಾಗುತ್ತದೆ. ಹತ್ತು ಗಿಗಾಬಿಟ್ ಮಾರ್ಗದಲ್ಲಿ ಅದರರ್ಥ ಸೆಕೆಂಡಿಗೆ ಹತ್ತು ತಪ್ಪುಗಳು. ಇಂದಿನ ಮಾರ್ಗಗಳಲ್ಲಿ ತಪ್ಪುಗಳನ್ನು ಗಣಿತದಿಂದ ತಿದ್ದುವ ಸಂಕೇತಪದ್ಧತಿಗಳಿವೆ. ಇದಕ್ಕಿಂತ ಹೆಚ್ಚಿನ ತಪ್ಪುಗಳನ್ನೂ ಅವು ಸರಿಪಡಿಸಬಲ್ಲವು. ಆದರೆ ಮುಚ್ಚಿಹೋದ ಕಣ್ಣನ್ನು ತೆರೆಯುವ ಶಕ್ತಿ ಯಾವ ಗಣಿತಕ್ಕೂ ಇಲ್ಲ.

ಇಂದಿನ ಸ್ಥಿತಿ

ಹಾಗಾದರೆ ಈ ಪರಿಶ್ರಮವೆಲ್ಲ ವ್ಯರ್ಥವೇ? ಹಾಗೆನ್ನಲಾಗದು. ಕೂಡುದಾರಿಗಳಲ್ಲಿ ಸಂದೇಶಗಳು ಇಂದಿಗೂ ವಿದ್ಯುತ್ ಸ್ಮೃತಿಕೋಶಗಳಲ್ಲಿಯೇ ಕಾಯುತ್ತವೆಂಬುದು ನಿಜ. ಆದರೆ ಅಲ್ಪ ವಿಳಂಬವೇ ಸಾಕಾಗುವ ಕೆಲಸಗಳೂ ಉಂಟು: ಎರಡು ಸಂದೇಶಗಳ ಕಾಲವನ್ನು ಒಂದು ಬಿಟ್‌ನ ಒಳಗೆ ಸರಿಹೊಂದಿಸುವುದು ಅಂತಹ ಒಂದು. 2005ರಲ್ಲಿಯೇ ಐ.ಬಿ.ಎಂ. ಸಂಸ್ಥೆಯ ವಿಜ್ಞಾನಿಗಳು ಸಿಲಿಕಾನ್ ಚಿಪ್ಪಿನ ಮೇಲೆ ಸಾಲಾಗಿ ರಂಧ್ರ ಕೊರೆದ ಸೂಕ್ಷ್ಮ ಮಾರ್ಗದಲ್ಲಿ ಬೆಳಕಿನ ವೇಗವನ್ನು ಮುನ್ನೂರು ಮಡಿಗೂ ಹೆಚ್ಚು ಇಳಿಸಿದರು. ನಿಧಾನವಾದ ಬೆಳಕು ವಸ್ತುವಿನೊಡನೆ ಹೆಚ್ಚು ಹೊತ್ತು ಇರುವುದರಿಂದ, ಬೆಳಕಿನ ಮೇಲೆ ಸಂದೇಶವನ್ನು ಬರೆಯುವ ಸಾಧನಗಳನ್ನು ಚಿಕ್ಕದಾಗಿಸಲು ಅದು ಸಹಾಯಕ. ಅಲ್ಲಿಯೂ ಬೆಲೆ ತಪ್ಪಿದ್ದಲ್ಲ. ನಿಧಾನವಾದಷ್ಟೂ ಬೆಳಕಿನ ನಷ್ಟ ಹೆಚ್ಚುತ್ತದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಸಂದೇಶಕ್ಕೆ ಶತ್ರುವಾಗಿದ್ದ ಉಷ್ಣತೆಯ ಪ್ರಭಾವವೇ ಬೇರೆ ಕಡೆ ಮಿತ್ರನಾಗಿದೆ. ಬ್ರಿಲ್ವಾಂ ಆವೃತ್ತಿಯು ಉಷ್ಣತೆಗೂ ಎಳೆತಕ್ಕೂ ಅನುಗುಣವಾಗಿ ಸರಿಯುವುದರಿಂದ, ಹತ್ತಾರು ಕಿಲೊಮೀಟರು ಉದ್ದದ ಒಂದೇ ತಂತುವನ್ನು ಬಳಸಿ, ಅದರ ಯಾವ ಭಾಗದಲ್ಲಿ ಎಷ್ಟು ಬಿಸಿ, ಎಷ್ಟು ಬಿಗಿತವಿದೆಯೆಂದು ಒಂದೇ ತುದಿಯಿಂದ ತಿಳಿಯಬಹುದು. ಕೊಳವೆಮಾರ್ಗ, ಸೇತುವೆ, ಅಣೆಕಟ್ಟುಗಳ ಆರೋಗ್ಯಪರೀಕ್ಷೆಗೆ ಈ ವಿಧಾನವು ಬಳಕೆಯಲ್ಲಿದೆ. ರಾಮನ್ ಅವರು ಬೆಂಗಳೂರಿನಲ್ಲಿ ದ್ರವದ ಪಾತ್ರೆಯೊಂದರಲ್ಲಿ ಬೆಳಕು ಮತ್ತು ಧ್ವನಿಗಳನ್ನು ಕೂಡಿಸಿ ನೋಡಿದ ವಿಚಾರಧಾರೆ ಇಷ್ಟು ದೂರ ಸಾಗಿಬಂದಿದೆ.

ಶಿಕ್ಷಕ ಬಂಧುಗಳಲ್ಲಿ ಹಾಗೂ ದಾನಿಗಳಲ್ಲಿ ಒಂದು ವಿಜ್ಞಾಪನೆ. ಈ ಪಾಠವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಲೇಸರಾಗಲಿ ಬೆಲೆಬಾಳುವ ತಂತುವಾಗಲಿ ಬೇಕಿಲ್ಲ. ಕಾಲುವೆಗೆ ನೀರು ಬಿಟ್ಟ ದಿನ, ಹಿರಿಯರ ಮೇಲ್ವಿಚಾರಣೆಯಲ್ಲಿ, ದೂರ ದೂರದ ಎರಡು ಕಡೆ ಗುರುತು ಹಾಕಿದ ಕೋಲು ನೆಟ್ಟು, ಗಡಿಯಾರ ಹಿಡಿದು, ಐದೈದು ನಿಮಿಷಕ್ಕೆ ನೀರಿನ ಮಟ್ಟವನ್ನು ಬರೆದುಕೊಂಡು ನಕ್ಷೆ ತೆಗೆದರೆ, ಸ್ಪಂದವು ತಡವಾಗುವುದೂ ಅಗಲವಾಗುವುದೂ ಒಟ್ಟಿಗೆ ಕಾಣುತ್ತವೆ. ಶಾಲೆಯ ಪ್ರಯೋಗಾಲಯಕ್ಕೆ ಒಂದು ಆಸಿಲೋಸ್ಕೋಪು ದೊರೆತರೆ, ಒಂದು ಮತ್ತು ಸೊನ್ನೆಗಳನ್ನು ಕ್ರಮವಿಲ್ಲದೆ ಕೊಡುವ ಸಣ್ಣ ವಿದ್ಯುತ್ ಮಂಡಲ, ಒಂದು ರೋಧಕ, ಒಂದು ಧಾರಕ ಇಷ್ಟರಿಂದಲೇ ಕಣ್ಣಿನ ಚಿತ್ರವನ್ನು ಮೂಡಿಸಬಹುದು. ಧಾರಕದ ಬೆಲೆಯನ್ನು ಹೆಚ್ಚಿಸುತ್ತ ಹೋದಂತೆ ಸಂಕೇತ ತಡವಾಗುತ್ತದೆ, ಕಣ್ಣು ಮುಚ್ಚಿಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲಾಗದೆಂಬುದು ಮಕ್ಕಳಿಗೆ ಮಾತಿಲ್ಲದೆ ಮನವರಿಕೆಯಾಗುತ್ತದೆ.

"ಬೆಳಕನ್ನು ಇಷ್ಟು ನಿಧಾನ ಮಾಡಿ ಏನು ಮಾಡುವುದು?" ಎಂದು ಕೇಳಿದ ಆ ವಿದ್ಯಾರ್ಥಿಯು ಇಂದು ಎಲ್ಲಿರುವನೋ ತಿಳಿಯದು. ಈ ಸಂಚಿಕೆ ಅವನ ಕೈ ಸೇರಿದರೆ ಅವನಿಗೆ ಸಲ್ಲಬೇಕಾದ ಉತ್ತರವಿದು: ಅಲ್ಪ ಕಾಲದ ತಿದ್ದುಪಡಿಗೂ, ಅಳೆಯುವ ಕೆಲಸಕ್ಕೂ ಮಂದಗತಿಯ ಬೆಳಕು ಉಪಯುಕ್ತ, ಸಂದೇಶಗಳ ಕಣಜವಾಗಿ ಅದು ಒದಗಿಬಂದಿಲ್ಲ. ಗೋಡೆಪತ್ರಿಕೆಯಲ್ಲಿ ಬರೆದುದನ್ನು ಈ ಲೇಖಕನು ಇಲ್ಲಿ ಹಿಂತೆಗೆದುಕೊಂಡಿದ್ದಾನೆ. ಮುಂದೆ ಇಂತಹ ವಾರ್ತೆಗಳು ಬಂದಾಗ ನಮ್ಮ ಮಕ್ಕಳು ವೇಗವೆಷ್ಟು, ವಿಳಂಬವೆಷ್ಟು ಎಂಬ ಎರಡು ಪ್ರಶ್ನೆಗಳ ಜೊತೆಗೆ, ಕಣ್ಣು ಎಷ್ಟು ತೆರೆದಿತ್ತು ಎಂಬ ಮೂರನೆಯದನ್ನೂ ಕೇಳುವಂತಾಗಲಿ.